ಐವತ್ತೊಂಬತ್ತನೆಯ ಸೆಕೆಂಡು

ಬ್ರೋಕನ್ ಹಿಲ್‌ನ ಗಡಿಯಾರಕ್ಕೆ ಮೊದಲಿಂದಲೂ ಹಟ.
ಸಿಡ್ನಿ ಒಂಬತ್ತು ಅಂದರೆ ಇದು ಎಂಟೂವರೆ ಅನ್ನುತ್ತದೆ.
ಊರಿಗೊಂದು ದಾರಿ, ಪೋರನಿಗೊಂದು ದಾರಿ.
ಸೀಸ ಹೊತ್ತ ರೈಲು ಅಡಿಲೇಡಿನ ಕಡೆ ಹೊರಟಿತಂತೆ,
ಕಾಲವೂ ಅದರ ಬೆನ್ನು ಹತ್ತಿ ಹೋಯಿತಂತೆ.
ಪಕ್ಕದ ಮನೆಯ ಮರ್ವ್ ಟ್ರೆವಾಸ್ಕಿಸ್ ಇದನ್ನು ಹೇಳಿ ನಕ್ಕಾಗೆಲ್ಲ
ಅವನ ಎಡಗಿವಿಯ ಯಂತ್ರ ಕುಂಯ್ ಅನ್ನುತ್ತದೆ.

ಮೂವತ್ತೆಂಟು ವರ್ಷ ಗಣಿಯ ಕೇಜು ಇಳಿಸಿ ಏರಿಸಿದವನು.
ಒಂದು ಗಂಟೆ: ನಿಲ್ಲು. ಎರಡು: ಇಳಿಸು.
ಮೂರಾದರೆ ಒಳಗಿರುವುದು ಅದಿರಲ್ಲ, ಮನುಷ್ಯರು.
ಕೈ ಆ ಲೆಕ್ಕ ಇನ್ನೂ ಮರೆತಿಲ್ಲ.
ಕಿವಿ ಮಾತ್ರ ಅಲ್ಲೇ, ಎಂಜಿನ್ ಮನೆಯಲ್ಲೇ ಉಳಿದುಹೋಯಿತು.

ಈಗ ಅವನ ಪರವಾಗಿ ಕೇಳುವುದು ಹಳೇ ಕಂಪ್ಯೂಟರು.
ಹದಿನೈದು ಸೆಕೆಂಡಿಗೊಂದು ಕಂತು,
ಒಂದು ಕಂತು ನೀನು, ಒಂದು ಕಂತು ನಾನು.
ಗದ್ದಲದ ತಳದಲ್ಲಿ, ಮರಳಿಗೆ ಬಿದ್ದ ಸಾಸಿವೆಯಂಥ ಸದ್ದನ್ನು
ಸಾಫ್ಟ್‌ವೇರು ಹೆಕ್ಕಿ ತೆಗೆದು ಬರೆದಿಡುತ್ತದೆ:
ಯಾರು, ಎಲ್ಲಿಂದ, ಎಷ್ಟು ಕ್ಷೀಣ, ಎಷ್ಟು ತಡ.
ಷರತ್ತು ಒಂದೇ, ಇಬ್ಬರ ಗಡಿಯಾರಕ್ಕೂ ಒಂದೇ ಉಸಿರು.
ಎರಡು ಮೂರು ಸೆಕೆಂಡು ಜಾರಿದರೆ
ಮುಗಿಯಿತು, ಲೋಕ ಮೂಕ.

ಮಂಗಳವಾರ ಧೂಳು ಬಂತು, ಇಟ್ಟಿಗೆ ಬಣ್ಣದ್ದು.
ಮಧ್ಯಾಹ್ನ ಮೂರಕ್ಕೇ ಬೀದಿದೀಪ ಹತ್ತಿ, ಆರಿ,
ಕರೆಂಟು, ಇಂಟರ್ನೆಟ್ಟು, ಹೋದದ್ದು ಹೋಯಿತೇ.
ರಾತ್ರಿ ಮರ್ವ್ ನನ್ನ ಬಾಗಿಲು ಬಡಿದ. “ಬಾ ನೋಡು, ಸೂ”
(ಸುಮುಖಿಯಲ್ಲಿ ಅವನ ನಾಲಿಗೆಗೆ ದಕ್ಕಿದ್ದು ಅಷ್ಟೇ).
“ಜಪಾನು, ಪೆರು, ಟಾಸ್ಮೇನಿಯಾ,
ಎಲ್ಲರೂ ಸೊನ್ನೆ ಪಾಯಿಂಟ್ ಒಂಬತ್ತು ತಡ!”
ಕಾರಿನ ಬ್ಯಾಟರಿಗೆ ಕಟ್ಟಿದ ಪರದೆಯನ್ನು
ಎಕ್ಸ್‌ರೇ ಪಾಳಿ ಮುಗಿಸಿ ಬಂದ ಕಣ್ಣಲ್ಲಿ ನೋಡಿದೆ.
ಇಡೀ ಭೂಮಿ ಮಾತಾಡಿಕೊಂಡು
ಒಂದೇ ಅಳತೆ ತಡವಾಗುವುದುಂಟೇ?
ಕೊನೆಗೆ ಅವನೇ ತಲೆ ಕೆರೆದುಕೊಂಡ:
“ಹಾಗಾದರೆ ಮುಂದೆ ಓಡುತ್ತಿರುವವನು ನಾನು.”

ಮೂರನೆಯ ದಿನಕ್ಕೆ ಪರದೆ ಬರಿದು.
ಶೆಡ್ಡಿನಿಂದ ಶಾರ್ಟ್‌ವೇವ್ ಪೆಟ್ಟಿಗೆ ತಂದು
ಅಂಗಿಯ ತುದಿಯಲ್ಲಿ ಡಯಲ್ಲು ಒರೆಸಿದ. ಹತ್ತು ಮೆಗಾಹರ್ಟ್ಸ್.
ಟಿಕ್.
ಟಿಕ್.
ಹವಾಯಿಯಲ್ಲೊಬ್ಬಳು, ಎಂದೋ ಮುದ್ರಿಸಿಟ್ಟ ದನಿಯವಳು,
ಬರಲಿರುವ ನಿಮಿಷವನ್ನು ಕರೆಯುತ್ತಾಳೆ,
ಹುಟ್ಟದ ಕೂಸಿಗೆ ಹೆಸರಿಟ್ಟ ಹಾಗೆ.

ಅಜ್ಜಿ ಹೇಳುತ್ತಿದ್ದ ಗಳಿಗೆ ಬಟ್ಟಲು ನೆನಪಾಯಿತು.
ಹಂಡೆಯಲ್ಲಿ ತೇಲುತ್ತ, ತಳದ ತೂತಿನಿಂದ ನೀರು ಕುಡಿಯುತ್ತ,
ಅದು ಮುಳುಗಿದ್ದೇ ಮುಹೂರ್ತ.
ಜೋಯಿಸರು ಆಕಳಿಸಿದರೆ ಧಾರೆ ತಪ್ಪಿತು.

ಕಿವಿ ನನ್ನದು, ಬೆರಳು ಅವನದು.
ಐವತ್ತೊಂಬತ್ತನೆಯ ಸೆಕೆಂಡಿಗೆ ಅಲ್ಲಿ ಟಿಕ್ ಇಲ್ಲ.
ಬೇಕೆಂದೇ ಬಿಟ್ಟ ಖಾಲಿ.
ನಾನು ಕೈ ಎತ್ತಿದೆ. ಆ ಖಾಲಿಯಲ್ಲಿ ಮರ್ವ್‌ನ ಭುಜ ಬಿಗಿಯಿತು,
ಕೆಳಗೆ ಕತ್ತಲಲ್ಲಿ ಹನ್ನೆರಡು ಜನ
ಮೂರು ಗಂಟೆ ಬಾರಿಸಿ ನಿಂತಿರುವಂತೆ.
ಬೀಪ್.
ಅವನ ಬೆನ್ನು ತಟ್ಟಿದೆ.
ಎಂಟರ್.

ಆಮೇಲೆ ಹದಿನೈದು ಸೆಕೆಂಡು ಇಬ್ಬರೂ ಉಸಿರಾಡಲಿಲ್ಲ ಅನಿಸುತ್ತದೆ.
ಒಂದು ಸಾಲು. ನಾಲ್ಕು. ಪರದೆ ತುಂಬ ಮಂದಿ.
ಎಲ್ಲರೂ ಈಗ ಸೊನ್ನೆ ಪಾಯಿಂಟ್ ಮೂರು ಬೇಗ!
ಸಾಗರ ದಾಟಿ ಬರಲು ಆ ಬೀಪಿಗೆ ಸಾಕಾದದ್ದು
ಸೆಕೆಂಡಿನ ಮೂವತ್ತನೆಯ ಒಂದು ಪಾಲು;
ನನ್ನ ಕಿವಿಯಿಂದ ಅವನ ಬೆರಳಿಗೆ
ಅದರ ಹತ್ತರಷ್ಟು.

“ತಿದ್ದೋಣವೇ?”
“ಬಿಡು. ಅಷ್ಟು ತಡ ನಮ್ಮಿಬ್ಬರದು.”

ಸಾಲುಗಳ ನಡುವೆ ಆ ಹೊಕ್ಕೈದೊದವನೂ ಇದ್ದ.
ಹನ್ನೊಂದು ವರ್ಷದ ಪರಿಚಯ, ಹೆಸರು ಗೊತ್ತಿಲ್ಲ.
ಕರೆ, ಊರಿನ ಚೌಕ, ದನಿಯ ಅಳತೆ,
ಕೊನೆಗೆ ಎಪ್ಪತ್ಮೂರು, ಅಂದರೆ ಚೆನ್ನಾಗಿರು.
ಅಷ್ಟೇ ಆಡಿಕೊಂಡದ್ದು ಇದುವರೆಗೆ.
ಮರ್ವ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.
ನಾನು ಚಹಾಕ್ಕೆ ನೀರಿಟ್ಟೆ;
ಅಡುಗೆಮನೆಯ ಗಡಿಯಾರ ಧೂಳು ತಿಂದು ನಿಂತಿತ್ತು,
ಅದರ ಕಡೆ ಯಾರೂ ನೋಡಲಿಲ್ಲ.